ಕೇಳಿದರೆ ಶುಲ್ಕ

ಸಾಕಮ್ಮನ ಬಾಯಿಗೆ ಬೀಗ ಬಿದ್ದು ಏಳು ತಿಂಗಳಾಗಿತ್ತು. ರಾಮನಗರದ ಆ ಬೀದಿಯಲ್ಲಿ ಇದನ್ನು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಅರವತ್ತೆರಡು ವರ್ಷದ ಈ ಹೆಂಗಸು ನಲವತ್ತು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತವಳು. ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತು. ಸಂಜೆ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಶುರುವಾಗುತ್ತಿತ್ತು.

‘ಗೌರಿ, ಬೆಳಗ್ಗೆ ಬಾಯ್ಲರ್ ಗೊರ್ರ್ ಅಂತಿತ್ತು, ಯಾಕೆ? ಸ್ಟೀಮ್ ಪೈಪಿನ ಮ್ಯಾಲೆ ಗೋಣಿಚೀಲ ಒಣಗಾಕವ್ರೆ, ಹಂಗೆ ಹಾಕ್ಬೋದಾ? ಹೊಸ ಫ್ಯಾನು ಮುಟ್ಟಿದ್ರೆ ಜುಮ್ ಅಂತದೆ, ಗಾಳಿಗಾ ಕರೆಂಟಿಗಾ?’

ಸೊಸೆ ಪುಟ್ಟಗೌರಿ ಶ್ರಮ ಸುರಕ್ಷತಾ ಪ್ರಾಧಿಕಾರದಲ್ಲಿ ಕೆಲಸಕ್ಕಿದ್ದಳು. ಇಡೀ ದಿನ ಬಾಯ್ಲರುಗಳ ಸದ್ದು ಕೇಳಿಯೇ ದಣಿದು ಬಂದವಳಿಗೆ ಮನೆಯಲ್ಲೂ ಬಾಯ್ಲರ್. ಆದರೂ ಉತ್ತರ ಹೇಳುತ್ತಿದ್ದಳು. ಅವಳ ಗಂಡ ನಿಂಗರಾಜು ನೂಲಿನ ಗೋದಾಮಿನಲ್ಲಿ ಮೇಸ್ತ್ರಿ. ‘ನಮ್ಮನೇಲಿ ಅನ್ನಕ್ಕಿಂತ ಬಾಯ್ಲರ್ರೇ ಜಾಸ್ತಿ ಬೇಯ್ತದೆ’ ಎಂದು ಅವನು ನಗುತ್ತಿದ್ದ.

ಪುಟ್ಟಗೌರಿಯ ಕೆಲಸ ಎಂಥದ್ದೆಂದು ಹೇಳಿಬಿಡುತ್ತೇನೆ. ಕಬ್ಬಿಣ ಒಡೆಯುವ ಮುಂಚೆ ಮಾತಾಡುತ್ತದೆ. ಒಳಗೊಳಗೇ ಬಿರುಕು ಬಿಡುವಾಗ ಟಿಕ್ ಟಿಕ್ ಎಂದು ಬಲು ಸಣ್ಣ ಸದ್ದು ಹೊರಡುತ್ತದೆ, ಮನುಷ್ಯರ ಕಿವಿಗೆ ಮಾತ್ರ ಅದು ಸಿಗುವುದಿಲ್ಲ. ಅದನ್ನು ಹಿಡಿಯುವ ಒಂದು ಬಿಲ್ಲೆಯನ್ನು ಎರಡು ವರ್ಷದ ಹಿಂದೆ ಜಿಲ್ಲೆಯ ನಾನೂರಹನ್ನೆರಡು ಬಾಯ್ಲರುಗಳಿಗೂ ಅಂಟಿಸಿದ್ದರು. ಹಳೇ ಕಾಲದ ರೂಪಾಯಿ ನಾಣ್ಯದಷ್ಟು ಅಗಲ, ನಡುವೆ ಸಣ್ಣ ಜಾಲರಿ. ಜನ ಅದನ್ನು ಕಿವಿಬಿಲ್ಲೆ ಎಂದು ಕರೆದರು. ಅಲ್ಲಿಂದ ಬಂದ ಸದ್ದನ್ನು ಪ್ರಾಧಿಕಾರದ ಆಲಿಕೆ ಕೋಣೆಯ ಯಂತ್ರ ಎಣಿಸಿ ಗೋಡೆಯ ಮೇಲೆ ದೀಪ ತೋರಿಸುತ್ತಿತ್ತು. ನಿಮಿಷಕ್ಕೆ ಇನ್ನೂರು ದಾಟಿದರೆ ಹಳದಿ, ಐನೂರು ದಾಟಿದರೆ ಕೆಂಪು, ಇನ್ನೂರಕ್ಕಿಂತ ಕಡಿಮೆಯಾದರೆ ಹಸಿರು. ಕೆಂಪು ಬಂದರೆ ಆ ಬಾಯ್ಲರ್ ಮನೆಯ ಸೈರನ್ ತಾನಾಗಿ ಕೂಗುತ್ತಿತ್ತು. ಉಳಿದದ್ದನ್ನು ಪುಟ್ಟಗೌರಿಯಂಥ ಆಲಿಕೆಗಾರ್ತಿಯರು ಕೇಳಿ ಅರ್ಥಮಾಡಿಕೊಂಡು, ಕೆಲಸದವರು ಫೋನ್ ಮಾಡಿದರೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳುತ್ತಿದ್ದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಹೊಸ ಕಾಯಿದೆ ಬಂತು.

ಪ್ರಾಧಿಕಾರ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಲಿ, ಕೊಟ್ಟ ಪ್ರತಿಯೊಂದು ಸೇವೆಗೂ ಶುಲ್ಕ ಹಾಕಲಿ ಎಂದು ಶಾಸನಸಭೆ ಅಧಿಕಾರ ಕೊಟ್ಟಿತು. ತಪಾಸಣೆಗೆ ಶುಲ್ಕ, ಪ್ರಮಾಣಪತ್ರಕ್ಕೆ ಶುಲ್ಕ, ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಮುನ್ನೂರು. ಕೆಂಪು ದೀಪದ ಸೈರನ್ ಮಾತ್ರ ಪುಕ್ಕಟೆ. ಅಧಿಕಾರಿಗಳು ಬೇಕೆಂದೇ ಮನೆಮನೆಗೆ ಹೋಗಿ ಸಲಹೆ ಕೊಟ್ಟು ಕಾಸು ಕೀಳಬಾರದೆಂದು ಹದಿನೇಳನೆಯ ಕಲಮಿನಲ್ಲಿ ಇನ್ನೊಂದು ಮಾತು ಸೇರಿಸಿದರು. ಕೇಳದವರಿಗೆ ಏನನ್ನೂ ಹೇಳುವಂತಿಲ್ಲ. ಬಂಧುಬಳಗಕ್ಕೆ ಬಿಟ್ಟಿ ಸಲಹೆ ಕೊಟ್ಟರೆ ಅದು ಲಂಚಕ್ಕೆ ಸಮ. ಇದನ್ನೆಲ್ಲ ಕಾಯಲು ಪ್ರತಿ ಆಲಿಕೆಗಾರ್ತಿಯ ಎದೆಯ ಮೇಲೂ ಹಗಲೂ ರಾತ್ರಿ ಒಂದು ಪುಟ್ಟ ಬಿಲ್ಲೆ. ಸುರಕ್ಷತೆಯ ಮಾತು ಕಿವಿಗೆ ಬಿದ್ದರೆ ಅದು ಟಿಂಕ್ ಎಂದು ಬಿಲ್ ಬರೆಯುತ್ತಿತ್ತು. ಸಾಕಮ್ಮ ಅದಕ್ಕೆ ಚಾಡಿಬಿಲ್ಲೆ ಎಂದು ಹೆಸರಿಟ್ಟಳು.

ಕಾಯಿದೆ ಬಂದ ಮೊದಲ ವಾರ ಊಟದ ಹೊತ್ತಿನಲ್ಲಿ ಸಾಕಮ್ಮ ಅಭ್ಯಾಸಬಲದಿಂದ ಮೂರು ಪ್ರಶ್ನೆ ಕೇಳಿದಳು. ಟಿಂಕ್, ಟಿಂಕ್, ಟಿಂಕ್. ತಿಂಗಳ ಕೊನೆಗೆ ಸೊಸೆಯ ಸಂಬಳದಲ್ಲಿ ಒಂಬೈನೂರು ಮುರಿದುಕೊಂಡರು, ಜೊತೆಗೆ ಎಚ್ಚರಿಕೆಯ ಪತ್ರ ಬೇರೆ ಬಂತು. ಸಾಕಮ್ಮ ಆ ಪತ್ರವನ್ನು ಮಗನ ಕೈಲಿ ಎರಡು ಸಲ ಓದಿಸಿ ಕೇಳಿದಳು. ಅವತ್ತಿನಿಂದ ಕೆಲಸದ ಮಾತೇ ಇಲ್ಲ. ಬಂದಳು, ಕಾಲು ತೊಳೆದಳು, ಸೊಪ್ಪು ಬಿಡಿಸಿದಳು, ಮಲಗಿದಳು.

ನಿಜ ಹೇಳಬೇಕೆಂದರೆ ಪುಟ್ಟಗೌರಿಗೆ ಮೊದಮೊದಲು ಇದು ಹಿತವಾಗಿಯೇ ಇತ್ತು. ಆಲಿಕೆ ಕೋಣೆಯಲ್ಲಿ ದಿನಕ್ಕೆ ಇನ್ನೂರು ಬರುತ್ತಿದ್ದ ಫೋನುಗಳು ಇಪ್ಪತ್ತಕ್ಕೆ ಇಳಿದವು, ಆಮೇಲೆ ನಾಲ್ಕಕ್ಕೆ. ಮಧ್ಯಾಹ್ನ ಬಿಸಿಬಿಸಿ ಊಟ ಮಾಡುವುದೆಂದರೇನೆಂದು ಆ ಕೋಣೆಯವರಿಗೆ ಆಗ ಗೊತ್ತಾಯಿತು. ಮನೆಯಲ್ಲೂ ಅಷ್ಟೇ, ತಣ್ಣಗಿತ್ತು. ಒಳ್ಳೆಯ ಅತ್ತೆ, ಒಳ್ಳೆಯ ಸರ್ಕಾರ ಎಂದುಕೊಂಡು ಅವಳು ಒಂದು ಸೀರೆಗೆ ಕಸೂತಿಯನ್ನೂ ಶುರು ಮಾಡಿದಳು.

ಹೀಗಿರುವಾಗ ಆಯುಧಪೂಜೆ ಬಂತು. ರೇಷ್ಮೆ ನೂಲು ಬಿಚ್ಚುವ ಬಿಚ್ಚಾಣಿಕೆ ಮನೆಗಳಲ್ಲಿ ಅದು ದೊಡ್ಡ ಹಬ್ಬ. ಸಾಕಮ್ಮ ದುಡಿಯುತ್ತಿದ್ದ ಮನೆಯ ಒಡೆಯರು ಬಾಬಾಜಾನ್ ಸಾಬರು. ಹಬ್ಬ ತಮ್ಮದಲ್ಲದಿದ್ದರೂ ಹೂವು, ಬೂದುಗುಂಬಳಕಾಯಿ, ಕಡ್ಲೆಪುರಿಗೆ ಕೈತುಂಬ ಕೊಟ್ಟು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಬಾಯ್ಲರ್ ತೊಳೆದು, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು ಕೈಮುಗಿಯುವುದು ಹೆಂಗಸರ ಕೆಲಸ. ಇಟ್ಟ ಗುರುತನ್ನು ಯಾರೂ ಒರೆಸುವಂತಿಲ್ಲ, ಅದು ತಾನಾಗಿ ಉದುರಬೇಕು. ಮನೆಯಲ್ಲೂ ಸಾಕಮ್ಮ ಮಿಕ್ಸಿ, ಈಳಿಗೆಮಣೆ, ಮಗನ ಗಾಡಿ ಎಲ್ಲಕ್ಕೂ ಪೂಜೆ ಮಾಡಿದಳು. ಸೊಸೆಯ ಎದೆಯ ಮೇಲಿದ್ದ ಚಾಡಿಬಿಲ್ಲೆಯನ್ನೂ ಬಿಡಲಿಲ್ಲ. ‘ಎಷ್ಟಾದ್ರೂ ನಿಂಗೆ ಅನ್ನ ಕೊಡೋದು ಕಣವ್ವ’ ಎಂದು ಗಂಧದಲ್ಲಿ ಕಲೆಸಿದ ಅರಿಶಿನವನ್ನು ದಪ್ಪವಾಗಿ ಮೆತ್ತಿ, ಮೇಲೆ ಕುಂಕುಮ ಒತ್ತಿದಳು.

ವಿಜಯದಶಮಿ ಕಳೆದ ಬೆಳಗ್ಗೆ ಪುಟ್ಟಗೌರಿ ಆಲಿಕೆ ಕೋಣೆಗೆ ಹೋದಾಗ ಅಲ್ಲಿ ಇನ್ನೊಂದು ಹಬ್ಬ ನಡೆದಿತ್ತು. ಗೋಡೆಯ ತುಂಬ ನಾನೂರಹನ್ನೆರಡೂ ದೀಪ ಹಸಿರು, ಒಂದೇ ಒಂದು ಹಳದಿಯಿಲ್ಲ. ಉಪನಿರ್ದೇಶಕ ಆರಾಧ್ಯ ಮೈಸೂರು ಪಾಕಿನ ಡಬ್ಬ ಹಿಡಿದು ಓಡಾಡುತ್ತಿದ್ದರು. ನಿವೃತ್ತಿಗೆ ಎಂಟು ತಿಂಗಳಿದ್ದ ಸಜ್ಜನ ಮನುಷ್ಯ, ಕಾನೂನೆಂದರೆ ಸ್ವಲ್ಪ ಪುಕ್ಕಲು.

‘ತಗೊಳ್ಳಮ್ಮ, ಬಾಯಿ ಸಿಹಿ ಮಾಡ್ಕೋ. ಈ ಪ್ರಾಧಿಕಾರ ಹುಟ್ಟಿದ ಮೇಲೆ ಇಂಥಾ ದಿನ ನೋಡಿರ್ಲಿಲ್ಲ. ಎಲ್ಲಾರೂ ಕಾಯಿದೆಗೆ ಬೈದ್ರು, ನೋಡೀಗ, ಎಲ್ಲಾ ಬಾಯ್ಲರ್ರೂ ಹಸುವಿನ ಹಾಗಾಗಿವೆ. ಬೆಂಗಳೂರಿಗೆ ವರದಿ ಬರೀತಿದೀನಿ.’

ಪುಟ್ಟಗೌರಿ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಳು. ಮೇಜಿನ ಗುಂಡಿ ಒತ್ತಿ ಒಂದೊಂದೇ ಬಾಯ್ಲರಿನ ಸದ್ದು ಕೇಳುತ್ತ ಹೋದಳು. ಸೊನ್ನೆ. ಸೊನ್ನೆ. ಎರಡು. ಸೊನ್ನೆ. ಆರೋಗ್ಯವಾಗಿರುವ ಬಾಯ್ಲರು ಕೂಡ ನೀರು ಕಾಯುವಾಗ, ಬೆಂಕಿ ಏರುವಾಗ ನಿಮಿಷಕ್ಕೆ ನಲವತ್ತು ಐವತ್ತು ಸಲವಾದರೂ ಟಿಕ್ ಎನ್ನಲೇಬೇಕು. ಸದ್ದು ಹೆಚ್ಚಾದರೆ ಗಾಬರಿಯಾಗು ಎಂದು ಯಂತ್ರಕ್ಕೆ ಕಲಿಸಿದ್ದರು. ಕಡಿಮೆಯಾದರೆ ಗಾಬರಿಯಾಗಬೇಕೆಂದು ಕಲಿಸುವುದು ಯಾರಿಗೂ ಹೊಳೆದಿರಲಿಲ್ಲ.

‘ಸಾರ್, ಒಲೆ ಮೇಲಿಟ್ಟ ನೀರು ಸದ್ದೇ ಮಾಡ್ದೆ ಇರುತ್ತಾ?’

‘ಅಂದ್ರೆ?’

ಅವಳು ಎದೆಯ ಬಿಲ್ಲೆಯನ್ನು ಕೆರೆದುಕೊಂಡಳು. ಒಣಗಿದ ಅರಿಶಿನದ ಹಕ್ಕಳೆಯೊಂದು ಮೇಜಿನ ಮೇಲೆ ಉದುರಿತು. ಅದನ್ನೇ ನೋಡುತ್ತ ಕೂತಳು. ಹಿಂದಿನ ದಿನ ನಿಂಗರಾಜು ಗೋದಾಮಿನ ಸೀಳಿದ ಏಣಿ ಹತ್ತಬಹುದೇ ಎಂದು ಕೇಳಿದ್ದ, ಇವಳು ಬೇಡವೆಂದಿದ್ದಳು, ಟಿಂಕ್ ಎಂದಿರಲಿಲ್ಲ. ಚಾಡಿಗೂ ಹಬ್ಬದ ರಜೆ ಇರಬೇಕೆಂದು ಗಂಡ ಹೆಂಡತಿ ನಕ್ಕಿದ್ದರು.

ತಲೆಯಿಂದ ಹೇರ್‌ಪಿನ್ ತೆಗೆದು ಜಾಲರಿಯನ್ನು ಕೆದಕಿದಳು. ಅರಿಶಿನ ಪುಡಿಪುಡಿಯಾಗಿ ಉದುರಿತು. ಬಿಲ್ಲೆ ಟಿಂಕ್ ಎಂದು ಎಚ್ಚರವಾಯಿತು.

‘ಸಾರ್! ಪೂಜೆ ಮಾಡಿದಾರೆ ಸಾರ್! ಎಲ್ಲಾ ಕಿವಿಬಿಲ್ಲೆಗೂ ಅರಿಶಿನ ಮೆತ್ತಿದಾರೆ. ಅವು ಕಿವುಡಾಗಿ ಕೂತಿವೆ!’

ಆರಾಧ್ಯರ ಕೈಯಲ್ಲಿ ಡಬ್ಬ ಹಾಗೇ ನಿಂತಿತು. ‘ಹೋದ ವರ್ಷ ಹೀಗಾಗ್ಲಿಲ್ವಲ್ಲಮ್ಮ?’

‘ಹೋದ ವರ್ಷ ಫೋನ್ ಮಾಡಿ ಕೇಳಿದ್ರು ಸಾರ್. ಎಪ್ಪತ್ತು ಎಂಬತ್ತು ಜನ. ಅರಿಶಿನ ಹಚ್ಬೋದಾ ಮೇಡಂ ಅಂತ. ಅಂಚಿಗೆ ಮಾತ್ರ ಹಚ್ಚಿ, ಜಾಲರಿ ಬಿಡಿ ಅಂತ ನಾನೇ ಹೇಳಿದ್ದೆ, ಅವರು ಇನ್ನೊಬ್ರಿಗೆ ಹೇಳಿದ್ರು. ಈ ವರ್ಷ ಯಾರು ಕೇಳ್ತಾರೆ ಮುನ್ನೂರು ಕೊಟ್ಟು?’

ಪುಟ್ಟಗೌರಿ ಹಬ್ಬದ ಹಿಂದಿನ ದಿನದ ಪಟ್ಟಿ ತೆಗೆದಳು. ನೂರೆಂಬತ್ತು, ಅಂದರೆ ಹಳದಿಯ ಹೊಸ್ತಿಲಲ್ಲಿ ನಿಂತಿದ್ದ ಬಾಯ್ಲರ್ ಒಂದೇ ಒಂದು. ಬಾಬಾಜಾನ್ ಸಾಬರದು. ಆ ಬಾಯ್ಲರಿನಿಂದ ಹನ್ನೆರಡು ಅಡಿ ದೂರದಲ್ಲಿ ಸಾಕಮ್ಮನ ಬೇಸಿನ್.

‘ಹೇಳಿಬಿಡೋಣ ಸಾರ್, ಎಲ್ರಿಗೂ.’

‘ಕೇಳದೆ ಹೆಂಗಮ್ಮ ಹೇಳೋದು? ಹದಿನೇಳನೇ ಕಲಮು. ಕೆಂಪೂ ಬಂದಿಲ್ಲ. ನಿನ್ನ ನೌಕರಿನೂ ಹೋಗುತ್ತೆ, ನನ್ನ ಪಿಂಚಣಿನೂ ಹೋಗುತ್ತೆ.’ ಆರಾಧ್ಯ ಹಣೆ ಒರೆಸಿಕೊಂಡರು. ‘ಒಬ್ರು ಕೇಳ್ಲಿ. ಒಂದೇ ಒಂದು ಪ್ರಶ್ನೆ ಬರ್ಲಿ. ಅದನ್ನ ಹಿಡ್ಕೊಂಡು ನಾನೂರಹನ್ನೆರಡಕ್ಕೂ ಉತ್ತರ ಕೊಡಿಸ್ತೀನಿ.’

ಅದೆಷ್ಟರ ಮಾತು! ಪ್ರಶ್ನೆ ಕೇಳುವುದರಲ್ಲಿ ಜಿಲ್ಲೆಗೇ ಹೆಸರಾದ ಹೆಂಗಸು ತನ್ನ ಮನೆಯಲ್ಲೇ ಇದ್ದಾಳೆ. ಪುಟ್ಟಗೌರಿ ಅತ್ತೆಗೆ ಫೋನ್ ಹಚ್ಚಿದಳು.

‘ಅತ್ತೆ, ನಾನು ಗೌರಿ. ಬಾಯ್ಲರ್ ಹೆಂಗಿದೆ?’

‘ಚೆನ್ನಾಗೈತೆ ಕಣವ್ವ. ಬುತ್ತಿ ತಗೊಂಡೋದ್ಯಾ? ಮರೆತ್ಬುಟ್ಟೆ ಅನ್ಕಂಡೆ.’

‘ಅದು ಬಿಡಿ. ನನ್ನ ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಕೇಳಿ.’

‘ಏನೂ ಇಲ್ವಲ್ಲ.’

‘ಬಾಯ್ಲರ್ ವಿಷ್ಯ ಅತ್ತೆ. ಏನಾದ್ರೂ ಒಂದು ಕೇಳಿ. ಹಿಂದೆಲ್ಲ ಕೇಳ್ತಿರ್ಲಿಲ್ವಾ, ಹಂಗೆ.’

ಸಾಕಮ್ಮ ದನಿ ತಗ್ಗಿಸಿದಳು. ‘ಪಕ್ಕದಲ್ಲಿ ಯಾರಾನಾ ಕುಂತವ್ರಾ? ಪರೀಕ್ಸೆ ಮಾಡ್ತಾವ್ರಾ ನಿನ್ನ? ನಮ್ಮತ್ತೆ ಏನೂ ಕೇಳಾಕಿಲ್ಲ ಅಂತ ಯೋಳು. ಏಳ್ ತಿಂಗ್ಳಿಂದ ಒಂದ್ ಮಾತ್ ಕೇಳಿಲ್ಲ ಅಂತ ಯೋಳು ಅವ್ರಿಗೆ.’

‘ಪರೀಕ್ಷೆ ಅಲ್ಲ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಕೇಳಿ!’

‘ನಾನ್ ಕೇಳಾಕಿಲ್ಲ ಅಂದ್ರೆ ಕೇಳಾಕಿಲ್ಲ. ನಿನ್ ನೌಕರಿಗೆ ನಾನ್ ಕಲ್ ಹಾಕಾಕಿಲ್ಲ.’

ಅತ್ತೆ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಾಳೆಂಬುದು ಫೋನಿನಲ್ಲೇ ಗೊತ್ತಾಗುತ್ತಿತ್ತು. ಪುಟ್ಟಗೌರಿಗೆ ಅಳು ಒತ್ತರಿಸಿಬಂತು. ಮನೆ ತಣ್ಣಗಿದೆ ಎಂದು ತಾನು ಕಸೂತಿ ಹಾಕುತ್ತಿದ್ದ ಏಳು ತಿಂಗಳೂ ಈ ಮುದುಕಿ ಹಲ್ಲು ಕಚ್ಚಿಕೊಂಡು ಬಾಯಿ ಕಟ್ಟಿಕೊಂಡಿದ್ದಳಲ್ಲ! ಆಗಲೇ ಅತ್ತೆಯ ದನಿಯ ಹಿಂದೆ ಇನ್ನೊಂದು ಸದ್ದು ಅವಳ ಕಿವಿಗೆ ಬಿತ್ತು. ಹಬೆ ಒಂದೇ ಸಮನೆ ಬರುತ್ತಿಲ್ಲ, ತಡೆದು ತಡೆದು ಬರುತ್ತಿದೆ.

‘ಅತ್ತೆ, ಅದೇನ್ ಸದ್ದು ಹಿಂದೆ?’

‘ಸ್ಟೀಮು. ಬೆಳಗ್ಗಿಂದ ಕೆಮ್ತಾ ಐತೆ. ಬೇಸಿನ್ ನೀರು ಒಂದ್ಗಳಿಗೆ ಕುದೀತದೆ ಒಂದ್ಗಳಿಗೆ ಆರ್ತದೆ, ಎಳೆ ಕಿತ್ಕಂಡ್ ಕಿತ್ಕಂಡ್ ಓಯ್ತವೆ. ನಾನೇನ್ ಕೇಳ್ತಾ ಇಲ್ಲ ಕಣವ್ವ, ಸುಮ್ನೆ ಯೋಳ್ದೆ.’

‘ನೀರಿನ ಗಾಜಿನಲ್ಲಿ ಮಟ್ಟ ಎಲ್ಲಿದೆ?’

‘ಗಾಜಿಗೂ ವಿಭೂತಿ ಬಳ್ದೀವಲ್ಲ, ಸರ್ಯಾಗ್ ಕಾಣಾಕಿಲ್ಲ. ನೀರು ಪಟ್ಟೆ ಮಟ್ಟಕ್ಕೈತೆ ಅಂತಿದ್ದ ದಾಸಪ್ಪ. ಈಗ ಯಾಕೋ ಅನ್ಮಾನ ಬಂದು ನೀರ್ ಬಿಡಾಕೆ ಪಂಪ್ ತಾವ ಹೊಂಟವ್ನೆ.’

ದಾಸಪ್ಪ ಬಾಯ್ಲರಿಗೆ ಬೆಂಕಿ ಹಾಕುವವನು. ಅವನು ಗಾಜಿನಲ್ಲಿ ನೋಡಿದ್ದು ನೀರಿನ ಮಟ್ಟವಲ್ಲ, ವಿಭೂತಿಯ ಗೆರೆ. ನೀರು ಯಾವಾಗಲೋ ಇಳಿದು ಒಳಗಿನ ಕೊಳವೆಗಳು ಬರಿದಾಗಿ ಕಾದು ಕೆಂಡವಾಗಿದ್ದವು. ಅದರ ಮೇಲೆ ಈಗ ತಣ್ಣೀರು ಬಿದ್ದರೆ ಅಷ್ಟೂ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಹಬೆಯಾಗಿ ಹಿಗ್ಗುತ್ತದೆ. ಯಾವ ಉಕ್ಕಿನ ಡಬ್ಬಿಯೂ ಅದನ್ನು ತಡೆಯಲಾರದು.

ಪುಟ್ಟಗೌರಿ ಕುರ್ಚಿ ಬೀಳುವ ಹಾಗೆ ಎದ್ದು ನಿಂತು ಕಿರುಚಿದಳು.

‘ನೀರು ಬಿಡಬೇಡಿ! ಅತ್ತೆ, ದಾಸಪ್ಪನ ಕೈ ಹಿಡೀರಿ! ಒಂದು ತೊಟ್ಟು ನೀರೂ ಬೇಡ. ಒಲೆ ಬೆಂಕಿ ಹೊರಗೆಳೆದು ಎಲ್ರೂ ಬೀದಿಗೆ ಓಡಿ!’

ಎದೆಯ ಬಿಲ್ಲೆ ಟಿಂಕ್ ಎಂದು ಇಡೀ ಕೋಣೆಗೆ ಕೇಳುವಂತೆ ಉಲಿಯಿತು: ‘ಕಲಮು ಹದಿನೇಳು. ಕೇಳದ ಸಲಹೆ. ಉಲ್ಲಂಘನೆ ದಾಖಲಾಗಿದೆ.’

ಆ ಕಡೆ ಫೋನು ನೆಲಕ್ಕೆ ಬಿದ್ದ ಸದ್ದು. ‘ಲೇ ದಾಸಪ್ಪಾ, ಮುಟ್ಟೀಯ ಪಂಪನ್ನ!’ ಎಂದು ಸಾಕಮ್ಮನ ಕೂಗು. ಆಮೇಲೆ ಹೆಂಗಸರ ಗಲಾಟೆ, ಸಲಿಕೆ ಕಲ್ಲಿಗೆ ಉಜ್ಜಿದ ಸದ್ದು, ಬಾಬಾಜಾನ್ ಸಾಬರು ‘ಬನ್ನಿ ಬನ್ನಿ, ಚಪ್ಲಿ ಬಿಡಿ, ಬನ್ನಿ’ ಎಂದು ಕರೆಯುತ್ತಿದ್ದದ್ದು. ನಂತರ ಏನೂ ಇಲ್ಲ.

ಪುಟ್ಟಗೌರಿ ಫೋನನ್ನು ಕಿವಿಗೆ ಒತ್ತಿ ನಿಂತೇ ಇದ್ದಳು. ಆರಾಧ್ಯ ಅವಳನ್ನೊಮ್ಮೆ ನೋಡಿದರು, ಹಸಿರು ಗೋಡೆಯನ್ನೊಮ್ಮೆ ನೋಡಿದರು. ಮೈಸೂರು ಪಾಕಿನ ಡಬ್ಬವನ್ನು ಕೆಳಗಿಟ್ಟು, ‘ಮುಳುಗಿದವನಿಗೆ ಚಳಿಯೇನು ಮಳೆಯೇನು’ ಎಂದು ಮೈಕಿನ ಮುಂದೆ ಕೂತರು. ಒಂದೇ ಗುಂಡಿಯಲ್ಲಿ ನಾನೂರಹನ್ನೆರಡು ಸೈರನ್ನುಗಳಿಗೂ ಮಾತು ಹೋಗುವ ಮೈಕು ಅದು. ‘ಎಲ್ಲಾ ಬಾಯ್ಲರ್ ಮನೆಯವರೂ ಕೇಳಿ. ಇದನ್ನ ನೀವು ಕೇಳಿಲ್ಲ, ನಾನೇ ಹೇಳ್ತಿದೀನಿ. ಕಿವಿಬಿಲ್ಲೆ ಮೇಲಿನ ಅರಿಶಿನ ತೆಗೀರಿ. ದೇವರು ಏನೂ ಅನ್ನಲ್ಲ. ನೀರಿನ ಗಾಜು ಒರೆಸಿ. ಮಟ್ಟ ಕಾಣದಿದ್ರೆ ನೀರು ಬಿಡಬೇಡಿ, ಬೆಂಕಿ ಎಳೀರಿ.’

ಮೂವತ್ತು ವರ್ಷದ ನೌಕರಿಯಲ್ಲಿ ಆ ಮನುಷ್ಯ ಮುರಿದ ಮೊದಲ ನಿಯಮ ಅದು. ಅರ್ಧ ಗಂಟೆಯೊಳಗೆ ಗೋಡೆ ಬಣ್ಣ ಬದಲಿಸಿತು. ನಲವತ್ತು, ಐವತ್ತು, ಅರವತ್ತು ಎಂದು ಬಾಯ್ಲರುಗಳು ಒಂದೊಂದಾಗಿ ಮಾತಿಗೆ ಶುರುಮಾಡಿದವು. ಹನ್ನೊಂದು ಹಳದಿ ಬಂದವು, ಎರಡು ಕೆಂಪು. ಆ ಎರಡು ಬಾಯ್ಲರುಗಳನ್ನೂ ಆರಿಸಿದರು. ಅಷ್ಟರಲ್ಲಿ ಪುಟ್ಟಗೌರಿಯ ಫೋನು ಬಡಿದುಕೊಂಡಿತು.

‘ನನ್ ಚಪ್ಲಿ ಒಳಗೇ ಉಳ್ಕಂತು ಕಣವ್ವ’ ಎಂದಳು ಸಾಕಮ್ಮ. ಪುಟ್ಟಗೌರಿ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟಳು.

ಎರಡು ದಿನ ಬಿಟ್ಟು ಬಾಯ್ಲರ್ ಬಿಚ್ಚಿ ನೋಡಿದಾಗ ಒಳಗಿನ ಕೊಳವೆಗಳು ಬೆಂದ ಶ್ಯಾವಿಗೆಯ ಹಾಗೆ ಜೋತುಬಿದ್ದಿದ್ದವು. ಬಾಬಾಜಾನ್ ಸಾಬರು ಅದನ್ನು ಮುಟ್ಟಿ ನೋಡಿ, ಮನೆಗೆ ಹೋಗಿ, ಇಡೀ ಬೀದಿಗೆ ಬಿರಿಯಾನಿ ಮಾಡಿಸಿದರು. ಮಾಂಸ ಮುಟ್ಟದವರಿಗೆ ಬೇರೆ ಅಡುಗೆಯವರನ್ನು ಕರೆಸಿ ಪುಳಿಯೋಗರೆ.

ಬೆಂಗಳೂರಿನಿಂದ ವಿಚಾರಣೆಗೆ ಮೂವರು ಬಂದರು. ಹಿರಿಯ ಅಧಿಕಾರಿಣಿಯೊಬ್ಬರು ಅದರ ಮುಖ್ಯಸ್ಥೆ. ನಿಯಮ ಮುರಿದ ಇಬ್ಬರಿಗೂ ನೋಟಿಸು ಕೈಯಲ್ಲಿ ಹಿಡಿದೇ ಬಂದಿದ್ದರು. ಬಿಚ್ಚಾಣಿಕೆ ಮನೆಯಲ್ಲೇ ಬೆಂಚು ಹಾಕಿಕೊಂಡು ಕೂತು, ಪೂಜೆಗೆ ಮುಂಚೆ ಯಾಕೆ ಕೇಳಲಿಲ್ಲ ಎಂದು ಬಾಬಾಜಾನ್ ಸಾಬರನ್ನು ಪ್ರಶ್ನಿಸಿದರು.

‘ದುಡ್ಡು ಉಳೀತದೆ ಅಂತ ಮೇಡಂ, ಸುಳ್ಳು ಯಾಕೆ ಹೇಳ್ಲಿ’ ಎಂದರು ಸಾಬರು. ‘ಕೆಂಪು ಬಂದ್ರೆ ನೀವೇ ಪುಕ್ಕಟೆ ಕೂಗ್ತೀರಲ್ಲ. ಅಲ್ಲೀತನಕ ಕಾಯೋಣ ಅಂದೆ.’

‘ನೀವಮ್ಮ? ಸೊಸೆ ತಾನಾಗೇ ಬೇಡ್ಕೊಂಡ್ರೂ ನೀವು ಕೇಳ್ಲಿಲ್ವಂತೆ. ನಿಮಗೂ ದುಡ್ಡಿನ ಯೋಚನೆಯಾ?’

ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ‘ದುಡ್ಡಾದ್ರೆ ಒಂದೊತ್ತು ಉಪಾಸ ಇದ್ದು ಕೊಟ್ಬುಡ್ತಿದ್ದೆ ತಾಯಿ. ಒಂದ್ಸಲ ಕೇಳಿದ್ಕೆ ನನ್ ಸೊಸೆಗೆ ಕಳ್ರಿಗೆ ಕಳ್ಸೋ ಅಂಥಾ ಕಾಗ್ದ ಕಳ್ಸಿದ್ರಿ. ಅವತ್ತೇ ಬಾಯ್ ಕಟ್ಕಂಡೆ. ಸ್ಟೀಮು ಕೆಮ್ಮಾಕೆ ಸುರುವಾದಾಗ್ಲೂ ನಂಗೆ ಗೊತ್ತಾಯ್ತು. ಸತ್ರೆ ನಾನ್ ಸಾಯ್ತೀನಿ, ಮಗಿಗೆ ಕೆಟ್ ಹೆಸ್ರು ಬ್ಯಾಡ ಅನ್ಕಂಡೆ. ಅಕ್ಕಪಕ್ಕದ್ ಬೇಸಿನ್ಗಳಾಗೆ ಇನ್ನೂ ಹದ್ನಾಕ್ ಜನ ಅವ್ರೆ ಅನ್ನೋದು ನಂಗೆ ಹೊಳೀಲೇ ಇಲ್ಲ. ನನ್ ತೆಪ್ಪೂ ಅಷ್ಟೇ ಐತೆ, ಬರ್ಕಳಿ.’

ಮುಖ್ಯಸ್ಥೆ ಬರೆಯಲಿಲ್ಲ. ಕೈಯಲ್ಲಿದ್ದ ನೋಟಿಸುಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ಸಾಕಮ್ಮನ ಬೇಸಿನ್ನಿನ ಮುಂದೆ ನಿಂತು, ಗೂಡಿನಿಂದ ಎಳೆ ಹೇಗೆ ಹಿಡಿಯುತ್ತೀರಿ ಎಂದು ಕೇಳಿ, ಅವಳು ಹಿಡಿದು ತೋರಿಸುವುದನ್ನು ನೋಡಿದರು.

ಕಾಯಿದೆ ರದ್ದಾಗಲಿಲ್ಲ. ಒಮ್ಮೆ ಕೊಟ್ಟ ಅಧಿಕಾರವನ್ನು ಯಾವ ಇಲಾಖೆ ವಾಪಸು ಕೊಟ್ಟಿದೆ? ಪ್ರಮಾಣಪತ್ರಕ್ಕೆ, ದೊಡ್ಡ ಕಾರ್ಖಾನೆಗಳ ನಕ್ಷೆ ಪರೀಕ್ಷೆಗೆ ಶುಲ್ಕ ಉಳಿಯಿತು. ಆದರೆ ದುಡಿಯುವವರು ಬಾಯಿಬಿಟ್ಟು ಕೇಳುವ ಮಾತಿಗೆ ಶುಲ್ಕವಿಲ್ಲವೆಂದು ತಿದ್ದುಪಡಿ ಬಂತು. ಅಪಾಯ ಕಂಡ ಅಧಿಕಾರಿ ಕೇಳದಿದ್ದರೂ ಹೇಳಲೇಬೇಕೆಂದು ಹದಿನೇಳನೆಯ ಕಲಮನ್ನು ತಿರುವಿ ಬರೆದರು. ಸದ್ದು ತೀರಾ ಕಡಿಮೆಯಾದರೂ ಹಳದಿ ದೀಪ ಹಚ್ಚುವುದನ್ನು ಯಂತ್ರಕ್ಕೆ ಕಲಿಸಿದರು. ಆಲಿಕೆ ಕೋಣೆಯಲ್ಲಿ ಮತ್ತೆ ತಣ್ಣನೆಯ ಊಟ ಶುರುವಾಯಿತು.

ತಿದ್ದುಪಡಿ ಬಂದ ದಿನ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಸಾಕಮ್ಮ ಸೊಸೆಯ ಎದೆಯನ್ನು ಓರೆಗಣ್ಣಿನಲ್ಲಿ ನೋಡಿದಳು. ಚಾಡಿಬಿಲ್ಲೆ ಇರಲಿಲ್ಲ, ಇಲಾಖೆಗೆ ಒಪ್ಪಿಸಿಯಾಗಿತ್ತು.

‘ನಿಜ್ವಾಗ್ಲೂ ಕೇಳ್ಬೋದಾ?’

‘ಕೇಳಿ ಅತ್ತೆ.’

‘ಆ ಫ್ಯಾನು ಮತ್ತೆ ಜುಮ್ ಅಂತದಲ್ಲ, ಅದು ಗಾಳಿಗಾ ಕರೆಂಟಿಗಾ?’

ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಇಷ್ಟು ತಿಂಗಳು ಕಟ್ಟಿಟ್ಟ ಪ್ರಶ್ನೆಗಳು. ಗೋಣಿಚೀಲ, ಜಾರುವ ನೆಲ, ಬಿಸಿನೀರು ಸಿಡಿದ ಬೆರಳು, ಹುಳದ ವಾಸನೆಗೆ ಬರುವ ತಲೆನೋವು. ಪುಟ್ಟಗೌರಿ ಒಂದಕ್ಕೂ ಬೇಸರಿಸದೆ ಉತ್ತರ ಹೇಳಿದಳು. ಅವಳಿಗೆ ಹಸಿವೇ ಮರೆತುಹೋಗಿತ್ತು. ನಿಂಗರಾಜು ತನ್ನ ಮುದ್ದೆ ಮುಗಿಸಿ, ಇವರಿಬ್ಬರನ್ನೂ ನೋಡುತ್ತ, ಗೋಡೆಗೆ ಒರಗಿ ಕೂತಲ್ಲೇ ಗೊರಕೆ ಹೊಡೆಯತೊಡಗಿದ.

ಕೊನೆಗೆ ಸಾಕಮ್ಮ ಕೈ ತೊಳೆಯಲು ಏಳುತ್ತ ಏಳುತ್ತ ಮತ್ತೆ ಕೂತಳು.

‘ಅಲ್ಲಾ ಗೌರಿ, ನಾನೇನೂ ಕೇಳಾಕಿಲ್ಲ ಅಂತ ಅವತ್ತು ಫೋನ್ ಮಡಗ್ಬುಟ್ಟಿದ್ರೆ?’

ಪುಟ್ಟಗೌರಿ ಪಾತ್ರೆಯಿಂದ ಇನ್ನೊಂದು ಮುದ್ದೆ ತೆಗೆದು ಅತ್ತೆಯ ತಟ್ಟೆಗೆ ಹಾಕಿದಳು. ಸಾಕಮ್ಮ ಬೇಡವೆನ್ನಲಿಲ್ಲ. ತಲೆ ತಗ್ಗಿಸಿಕೊಂಡು ಅದನ್ನು ಮುರಿದು ತಿಂದಳು.